ಗೆರೆಯಲ್ಲಿ ಬರೆದ ಗಮಕ

ಸಂಗೀತದಲ್ಲಿ ಭಾವವು ಎಲ್ಲಿ ನೆಲಸಿರುವುದೆಂಬ ಪ್ರಶ್ನೆ ಬಹು ಹಳೆಯದು. ಅದು ಸ್ವರದಲ್ಲಿರುವುದೋ, ಸ್ವರವನ್ನು ಹುಟ್ಟಿಸುವ ಬೆರಳಿನಲ್ಲಿರುವುದೋ, ಬೆರಳನ್ನು ನಡೆಸುವ ಮನಸ್ಸಿನಲ್ಲಿರುವುದೋ? ಗಣಕಯಂತ್ರದೊಳಗಿನ ವಾದ್ಯಗಳು ಬಳಕೆಗೆ ಬಂದ ಮೇಲೆ ಈ ಪ್ರಶ್ನೆಯು ಮತ್ತೆ ತಲೆಯೆತ್ತಿದೆ.

ಚನ್ನಪಟ್ಟಣದ ಸೀಮೆಗೆ ಇದು ಪರಕೀಯವಾದ ವಿಚಾರವಲ್ಲ. 1800ರಲ್ಲಿ ಮೈಸೂರು ಸೀಮೆಯನ್ನು ಸಂಚರಿಸಿದ ಫ್ರಾನ್ಸಿಸ್ ಬುಕಾನನನು, ಆ ಊರಿನಲ್ಲಿ ವಾದ್ಯಗಳಿಗೆ ಬೇಕಾದ ಉಕ್ಕಿನ ತಂತಿ ತಯಾರಾಗುತ್ತಿದ್ದುದನ್ನೂ, ಅದು ಭರತಖಂಡದ ದೂರದ ಪ್ರಾಂತಗಳಿಗೆ ಹೋಗುತ್ತಿದ್ದುದನ್ನೂ ಬರೆದಿಟ್ಟಿದ್ದಾನೆ. ತಂತಿಯನ್ನು ಮಾಡಿದವನು ಒಬ್ಬ, ನುಡಿಸಿದವನು ಇನ್ನೊಬ್ಬ. ವೈಣಿಕನು ಮೆಟ್ಟಿನ ಮೇಲೆ ತಂತಿಯನ್ನು ಪಕ್ಕಕ್ಕೆ ಸೆಳೆದಾಗ ಗಮಕವು ಹುಟ್ಟುವುದು. ತಂತಿಯ ಬಿಗಿತವು ಬೆರಳನ್ನು ನೋಯಿಸಿ, ಎಷ್ಟು ಸೆಳೆಯಬೇಕೆಂಬುದನ್ನು ತಾನೇ ಕಲಿಸುವುದು.

ಇಂದು ರಾಮನಗರದಲ್ಲಿಯೋ ಮಾಗಡಿ ಕನಕಪುರಗಳಲ್ಲಿಯೋ ಮನೆಯ ಕೋಣೆಯೊಂದರಲ್ಲಿ ಕುಳಿತ ತರುಣನು, ವೀಣೆಯಿಲ್ಲದೆಯೇ ವೀಣೆಯ ನಾದವನ್ನು ಪಡೆಯಬಲ್ಲನು. 1983ರಲ್ಲಿ ರೂಢಿಗೆ ಬಂದ ‘ಮಿಡಿ’ ಎಂಬ ಸಂಕೇತಪದ್ಧತಿಯೇ ಇದಕ್ಕೆ ಆಧಾರ. ತಂತಿಯನ್ನು ಮಿಡಿಯುವುದೆಂಬ ಕನ್ನಡದ ಮಾತಿಗೂ ಇದಕ್ಕೂ ನಂಟಿಲ್ಲ. ಇದರಲ್ಲಿ ನಾದವೇ ಇಲ್ಲ, ಆಜ್ಞೆಗಳು ಮಾತ್ರ ಉಂಟು. ಯಾವ ಸ್ವರ, ಎಷ್ಟು ರಭಸ ಎಂದು ತಿಳಿಸುವ ಆಜ್ಞೆಗಳು ಒಂದು ಬಗೆ. ಸ್ವರವು ನಿಂತಿರುವಾಗಲೇ ಅದನ್ನು ಮಾರ್ಪಡಿಸುವ ನಿಯಂತ್ರಕಗಳು ಇನ್ನೊಂದು ಬಗೆ. ಇವುಗಳಲ್ಲಿ 1ನೆಯದು ಸಾಮಾನ್ಯವಾಗಿ ಕಂಪನಕ್ಕೆ, 7ನೆಯದು ಒಟ್ಟು ಧ್ವನಿಯ ಪ್ರಮಾಣಕ್ಕೆ, 11ನೆಯದು ನುಡಿಸುವಾಗಿನ ಉಬ್ಬುತಗ್ಗುಗಳಿಗೆ. ಪದ್ಧತಿಯ ಮೊದಲ ರೂಪದಲ್ಲಿ ಇವುಗಳ ಬೆಲೆ 0ಯಿಂದ 127ರ ವರೆಗೆ. ಶ್ರುತಿಯನ್ನು ಬಾಗಿಸುವ ಆಜ್ಞೆಗಾದರೋ 16,384 ಹಂತಗಳು. ತೆರೆಯ ಮೇಲೆ ಬಿಂದುಗಳನ್ನಿಟ್ಟು ಗೆರೆಯೆಳೆದರೆ, ವಾದ್ಯವು ಪ್ರತಿಸಲವೂ ಆ ಗೆರೆಯನ್ನೇ ಅನುಸರಿಸುವುದು.

ಹೀಗೆ ಮುಂಚಿತವಾಗಿ ಬರೆದಿಟ್ಟ ಭಾವವು ನಿಜವಾದ ಭಾವವೋ, ಕಪಟವೋ? ಪೂರ್ವಸಿದ್ಧತೆಯೆಲ್ಲ ಕಪಟವೆನ್ನುವುದು ಸರಿಯಲ್ಲ. ಸಂಗತಿಗಳನ್ನು ಗುರುವಿನ ಮುಂದೆ ನೂರು ಬಾರಿ ಸಾಧನೆ ಮಾಡಿ ಸಭೆಯಲ್ಲಿ ಹಾಡುವವನನ್ನು ಯಾರೂ ಕಪಟಿಯೆನ್ನರು. ಯಂತ್ರವನ್ನು ಹಿಡಿದುದೂ ದೋಷವಲ್ಲ. ಚನ್ನಪಟ್ಟಣದಲ್ಲಿ ಬೊಂಬೆಯನ್ನು ಕಡೆಯುವ ಯಂತ್ರವನ್ನು ವಿದ್ಯುಚ್ಛಕ್ತಿಯು ತಿರುಗಿಸಿದರೂ, ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಎಷ್ಟು ಒತ್ತಬೇಕೆಂಬುದನ್ನು ಕುಶಲಿಯ ಕೈಯೇ ನಿರ್ಣಯಿಸುವುದು.

ಆ ನಿರ್ಣಯವನ್ನು ಬಿಟ್ಟುಕೊಟ್ಟಾಗಲೇ ದೋಷವು ತಲೆದೋರುವುದು. ತೋಡಿ, ಖರಹರಪ್ರಿಯ ಇವೆರಡರಲ್ಲಿಯೂ ಇರುವುದು ಸಾಧಾರಣ ಗಾಂಧಾರವೇ. ಆದರೂ ಒಂದರ ಆಂದೋಳನವು ಇನ್ನೊಂದಕ್ಕೆ ಸಲ್ಲದು. ಒಂದೆಡೆ ಚೆನ್ನಾಗಿ ಬಂದ ಗೆರೆಯನ್ನು ನಕಲು ಮಾಡಿ ಕಂಡಕಂಡಲ್ಲಿ ಅಂಟಿಸಿದರೆ ರಾಗದ ಮುಖವೇ ಕೆಡುವುದು. ಉಕ್ಕಿನ ತಂತಿಯು ಅತಿರೇಕವನ್ನು ಬೆರಳಿಗೆ ತಿಳಿಸುವುದು. ಗೆರೆಯು ಎಂತಹ ಅವಿವೇಕವನ್ನೂ ಮರುಮಾತಿಲ್ಲದೆ ಒಪ್ಪಿಕೊಳ್ಳುವುದು. ಎದುರಾಡದ ಸೇವಕನನ್ನು ಪಡೆದ ಒಡೆಯನಿಗೆ ಹೊಣೆ ಹೆಚ್ಚು. ತಪ್ಪಿದಾಗ ತಂತಿಯನ್ನಾಗಲಿ ಹವೆಯನ್ನಾಗಲಿ ದೂರಲು ಅವನಿಗೆ ಎಡೆಯಿಲ್ಲ.

ಇನ್ನೊಂದು ದೋಷವು ಸತ್ಯಕ್ಕೆ ಸಂಬಂಧಿಸಿದುದು. ಧ್ವನಿಮುದ್ರಣದಿಂದ ಕಟ್ಟಿದ ವೀಣೆಯೊಳಗೆ, ಯಾರೋ ವೈಣಿಕರೊಬ್ಬರು ಒಂದೊಂದಾಗಿ ಮೀಟಿಕೊಟ್ಟ ಸ್ವರಗಳಿರುತ್ತವೆ. ವಾದ್ಯಗಾರರನ್ನು ಕರೆಸಲು ಹಣವಿಲ್ಲದವನು ಅವುಗಳನ್ನು ಬಳಸಿದರೆ ತಪ್ಪೇನು ಎಂದು ಕೇಳಬಹುದು. ಬಳಸುವುದರಲ್ಲಿ ತಪ್ಪಿಲ್ಲ, ಮರೆಮಾಚುವುದರಲ್ಲಿ ಉಂಟು. ಬಡತನವು ಮೊದಲನೆಯದಕ್ಕೆ ಸಮಾಧಾನವಾದೀತು, ಎರಡನೆಯದಕ್ಕಲ್ಲ. ಗಣಕಯಂತ್ರದಲ್ಲಿ ರಚಿತವಾದುದೆಂದು ತಿಳಿಸುವುದರಿಂದ ಕಲೆಗೆ ಕುಂದಿಲ್ಲ. ವೀಣೆಗಾಗಿ ಬಾಳನ್ನೇ ಸವೆಸಿದವರಿಗೆ ಅದರಿಂದ ನ್ಯಾಯ ಸಲ್ಲುವುದು.

ಹಾಗಾದರೆ ಒರೆಗಲ್ಲು ಯಾವುದು? ಗೆರೆಯೆಳೆದವನು ಆ ಗಮಕವನ್ನು ತನ್ನ ಕೊರಳಿನಿಂದ, ಒರಟಾಗಿಯಾದರೂ, ಹಾಡಿ ತೋರಿಸಬಲ್ಲನೆ? ಬಲ್ಲನಾದರೆ, ಆ ಗೆರೆಯು ಅವನು ಒಳಗಿವಿಯಿಂದ ಕೇಳಿದ್ದರ ಬರವಣಿಗೆ. ಬೆರಳಿನ ಬದಲು ಅಂಕಿಗಳು ಅದನ್ನು ಹೊತ್ತು ತಂದಿವೆ, ಅಷ್ಟೆ. ಅರಿಯನಾದರೆ, ಅಂಕಿಗಳು ಎಷ್ಟು ಸೂಕ್ಷ್ಮವಾದರೂ ಅವನು ಹೇಳಿದುದು ಏನೂ ಇಲ್ಲ.