ಹೊದಿಕೆಯ ಋಣ

ಸಿನಿಮಾ ಡಿಸ್ಕುಗಳನ್ನು ಕೂಡಿಡುವವರಲ್ಲಿ ಒಂದು ಮಾತು ಮತ್ತೆ ಮತ್ತೆ ಕೇಳಿಬರುತ್ತದೆ: ‘ಈ ಚಿತ್ರ ನಾನಿನ್ನೂ ನೋಡಿಲ್ಲ, ಆದರೆ ಹೊದಿಕೆ ಮಾತ್ರ ಅದ್ಭುತ.’ ಹೊಸ ಬ್ಲೂ-ರೇ ಬಂತೆಂದರೆ ಮೊದಲು ತೂಗುವುದು ಅದರ ಮುಖಪುಟವನ್ನು. ಚಿತ್ರ ಬರೆದವರು ಯಾರು, ಅಕ್ಷರ ಯಾವ ಬಗೆಯದು, ಡಬ್ಬಿ ರಟ್ಟಿನದೋ ತಗಡಿನದೋ, ಕಪಾಟಿನಲ್ಲಿಟ್ಟಾಗ ಬೆನ್ನಿನ ಮೇಲಿನ ಸಂಖ್ಯೆ ಅಕ್ಕಪಕ್ಕದವುಗಳ ಜೊತೆ ಸಾಲಾಗಿ ಕೂರುತ್ತದೋ ಇಲ್ಲವೋ. ಇದೆಲ್ಲ ತೀರ್ಮಾನವಾದ ಮೇಲೆ, ಬಿಡುವಾದರೆ, ಸಿನಿಮಾ.

ಹೊರಗಿನವರಿಗೆ ಇದು ಹುಚ್ಚಾಟದಂತೆ ಕಾಣುತ್ತದೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಕೇಳಿಕೊಂಡೇ ಬೆಳೆದವರು ನಾವು. ಆದರೂ ನಗುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ಹೊದಿಕೆ ಇರುವುದೇ ಚಿತ್ರವನ್ನು ನೋಡದವನಿಗಾಗಿ. ನೋಡಿದವನಿಗೆ ಅದು ಬೇಕಿಲ್ಲ. ಹಾಗಿರುವಾಗ ನೋಡದೆಯೇ ಅದನ್ನು ಅಳೆಯುವುದು ತಪ್ಪೆನ್ನುವುದು ಹೇಗೆ? ಇನ್ನೊಂದು ಕಡೆಯಿಂದ ನೋಡಿದರೆ, ಹೊದಿಕೆ ನಿಜ ಹೇಳಿತೋ ಸುಳ್ಳು ಹೇಳಿತೋ ಎಂಬುದು ತಿಳಿಯುವುದು ಚಿತ್ರ ಮುಗಿದ ಮೇಲೆಯೇ. ಅಂದರೆ ಯಾರಿಗಾಗಿ ಅದು ಇದೆಯೋ ಅವರಿಗೆ ಅದನ್ನು ಪರೀಕ್ಷಿಸಲು ಬರುವುದಿಲ್ಲ, ಪರೀಕ್ಷಿಸಲು ಬಲ್ಲವರಿಗೆ ಅದರ ಅಗತ್ಯ ತೀರಿರುತ್ತದೆ. ಈ ತೊಡಕು ಬರೀ ತರ್ಕದ ಆಟವಾಗಿದ್ದರೆ ಬಿಟ್ಟುಬಿಡಬಹುದಿತ್ತು. ಆದರೆ ಇದರಿಂದಾಗಿ ಒಂದು ದೇಶದ ಕಾನೂನೇ ಬದಲಾದ ಉದಾಹರಣೆಯಿದೆ.

1982ರ ಬ್ರಿಟನ್. ಮನೆಮನೆಗೆ ವಿಡಿಯೊ ಹೊಸದಾಗಿ ಬಂದಿದ್ದ ಕಾಲ. ಏಬಲ್ ಫೆರಾರಾ 1979ರಲ್ಲಿ ಮಾಡಿದ್ದ ‘ದಿ ಡ್ರಿಲ್ಲರ್ ಕಿಲ್ಲರ್’ ಎಂಬ ಸಣ್ಣ ಬಜೆಟ್ಟಿನ ಚಿತ್ರವನ್ನು ಅಲ್ಲಿನ ಒಂದು ಕಂಪನಿ ಕ್ಯಾಸೆಟ್ಟಿನಲ್ಲಿ ತಂದಿತು. ಮುಖಪುಟದಲ್ಲಿ ಚೀರುತ್ತಿರುವ ಒಬ್ಬ ಮನುಷ್ಯ, ಅವನ ಹಣೆಯೊಳಕ್ಕೆ ಇಳಿಯುತ್ತಿರುವ ಡ್ರಿಲ್, ರಕ್ತ. ಅದೇ ಚಿತ್ರ ಪತ್ರಿಕೆಗಳಲ್ಲಿ ಜಾಹೀರಾತಾಗಿಯೂ ಬಂತು. ದೂರುಗಳು ಬಂದವು, ಪತ್ರಿಕೆಗಳು ಕೂಗೆಬ್ಬಿಸಿದವು, ಪೊಲೀಸರು ಅಂಗಡಿಗಳಿಂದ ಕ್ಯಾಸೆಟ್ಟುಗಳನ್ನು ಎತ್ತಿಕೊಂಡು ಹೋದರು. 1984ರಲ್ಲಿ ವಿಡಿಯೊ ರೆಕಾರ್ಡಿಂಗ್ಸ್ ಆಕ್ಟ್ ಬಂದು, ಮನೆಯಲ್ಲಿ ನೋಡುವ ಕ್ಯಾಸೆಟ್ಟಿಗೂ ಸೆನ್ಸಾರಿನ ಮುದ್ರೆ ಕಡ್ಡಾಯವಾಯಿತು. ಇದಕ್ಕೆ ಕಾರಣವಾದ ಚಿತ್ರಗಳು ಹಲವು. ಆದರೆ ಕಣ್ಣಿಗೆ ಮೊದಲು ಬಿದ್ದದ್ದು ಆ ಹಣೆ, ಆ ಡ್ರಿಲ್. ಫೆರಾರಾನ ಚಿತ್ರ ಕತ್ತರಿಯಿಲ್ಲದೆ ಬ್ರಿಟನ್ನಿನ ಮನೆಗಳಿಗೆ ಬರಲು 2002ರವರೆಗೆ ಕಾಯಬೇಕಾಯಿತು.

ಚಿತ್ರದಲ್ಲಿ ಇರುವುದೇನು? ನ್ಯೂಯಾರ್ಕಿನ ಒಬ್ಬ ಕಲಾವಿದ. ಬಾಡಿಗೆ ಕಟ್ಟಲು ದುಡ್ಡಿಲ್ಲ, ಕೈಗೆತ್ತಿಕೊಂಡ ದೊಡ್ಡ ಕ್ಯಾನ್ವಾಸ್ ಮುಗಿಯುತ್ತಿಲ್ಲ, ಅದೇ ಕಟ್ಟಡದಲ್ಲಿ ಒಂದು ಪಂಕ್ ತಂಡ ಹಗಲೂ ರಾತ್ರಿ ಕಿವಿ ಕಿತ್ತುಹೋಗುವಂತೆ ಬಾರಿಸುತ್ತದೆ. ಅವನು ನಿಧಾನವಾಗಿ ಬುದ್ಧಿ ಕಳೆದುಕೊಳ್ಳುತ್ತಾನೆ. ಕೊಲೆಗಳಿವೆ, ಆದರೆ ಚಿತ್ರದ ಬಹುಪಾಲು ಬಡತನ, ಗದ್ದಲ, ಬೇಸರ. ರಕ್ತಕ್ಕಾಗಿ ಬಂದವನಿಗೆ ಆಕಳಿಕೆ ಬರುವಷ್ಟು ಹೊತ್ತು ಆ ತಂಡದ ಸಂಗೀತವನ್ನೇ ಕೇಳಿಸುತ್ತಾರೆ.

ನನ್ನನ್ನು ಕಾಡುವ ಸಂಗತಿಯೆಂದರೆ, ಆ ಮುಖಪುಟ ಸುಳ್ಳಲ್ಲ. ಹಣೆಗೆ ಡ್ರಿಲ್ ಇಳಿಯುವ ದೃಶ್ಯ ಚಿತ್ರದಲ್ಲಿ ನಿಜಕ್ಕೂ ಇದೆ. ಕಂಪನಿಯವರು ಏನನ್ನೂ ಕಲ್ಪಿಸಲಿಲ್ಲ, ಬರೀ ಆರಿಸಿದರು. ಒಂದೂವರೆ ಗಂಟೆಯ ಚಿತ್ರದಿಂದ ಒಂದು ಕ್ಷಣವನ್ನು ಕಿತ್ತು ಇದೇ ನಮ್ಮ ಚಿತ್ರ ಎಂದರು. ನೋಡುಗರು ನಂಬಿದರು, ವಿರೋಧಿಗಳು ಇನ್ನೂ ಹೆಚ್ಚಾಗಿ ನಂಬಿದರು. ಕದ್ದವನು ಕಳ್ಳನೆಂದು ಹೇಳಬಹುದು, ಸುಳ್ಳು ಹೇಳಿದವನು ಸುಳ್ಳನೆಂದು. ಒಂದು ನಿಜವನ್ನು ಎತ್ತಿ ಹಿಡಿದು ಉಳಿದ ನಿಜಗಳನ್ನು ಮರೆಮಾಡಿದವನಿಗೆ ನಮ್ಮಲ್ಲಿ ಸರಿಯಾದ ಹೆಸರಿಲ್ಲ. ಆ ಕಾಲದ ವಿಡಿಯೊ ಅಂಗಡಿಗಳ ತುಂಬ ಇದ್ದದ್ದು ಇಂಥ ಪೈಪೋಟಿಯೇ. 1989ರ ‘ದಿ ಡೆಡ್ ಪಿಟ್’ನ ಅಮೆರಿಕದ ಡಬ್ಬಿಯ ಮೇಲಿದ್ದ ಪ್ರೇತದ ಕಣ್ಣುಗಳು ದೀಪ ಹತ್ತಿ ಮಿನುಗುತ್ತಿದ್ದವು. ‘ಫ್ರಾಂಕೆನ್‌ಹೂಕರ್’ ಕ್ಯಾಸೆಟ್ಟಿನ ಡಬ್ಬಿಯಲ್ಲಿ ಒಂದು ಗುಂಡಿ ಒತ್ತಿದರೆ ಅದು ಮಾತಾಡಿ ಕರೆಯುತ್ತಿತ್ತು. ಇವುಗಳ ಮೇಲೆ ನನಗೆ ಕೋಪವಿಲ್ಲ. ಸಂತೆಯಲ್ಲಿ ಕೂಗುವವನ ಸಾಮಾನು ಸಂತೆಯ ಸಾಮಾನೆಂದು ಎಲ್ಲರಿಗೂ ಗೊತ್ತಿರುತ್ತದೆ.

ಇನ್ನೊಂದು ಬಗೆಯ ಅಪರಾಧ ಇದಕ್ಕೆ ತೀರಾ ವಿರುದ್ಧ. 1968ರ ‘ಪ್ಲಾನೆಟ್ ಆಫ್ ದಿ ಏಪ್ಸ್’ ಚಿತ್ರದ ಕೊನೆಯ ದೃಶ್ಯವನ್ನು ಈಗ ಗುಟ್ಟೆನ್ನುವವರಿಲ್ಲ: ತಾನು ಬಂದಿಳಿದದ್ದು ಯಾವುದೋ ದೂರದ ಗ್ರಹವೆಂದು ನಂಬಿದ್ದ ಯಾನಿಗೆ ಕಡಲತೀರದಲ್ಲಿ ಹೂತುಹೋದ ಸ್ವಾತಂತ್ರ್ಯದೇವಿಯ ಪ್ರತಿಮೆ ಕಾಣುತ್ತದೆ. ಇಡೀ ಚಿತ್ರ ಆ ಒಂದು ನೋಟಕ್ಕಾಗಿ ಹೆಣೆದದ್ದು. ಹಾಗಿದ್ದೂ ಈ ಚಿತ್ರದ ಒಂದಕ್ಕಿಂತ ಹೆಚ್ಚು ವಿಡಿಯೊ ಮತ್ತು ಡಿವಿಡಿ ಆವೃತ್ತಿಗಳ ಮುಖಪುಟದಲ್ಲಿ ಅದೇ ಪ್ರತಿಮೆ ರಾರಾಜಿಸುತ್ತದೆ. ಇಲ್ಲಿ ಮೋಸವೇ ಇಲ್ಲ, ಎಲ್ಲವನ್ನೂ ಬಿಚ್ಚಿ ಹೇಳಿದ್ದಾರೆ. ಆದರೂ ಮೊದಲ ಸಲ ನೋಡುವ ಹದಿನಾಲ್ಕು ವರ್ಷದ ಹುಡುಗಿಯಿಂದ ಏನನ್ನೋ ಕಸಿದುಕೊಂಡಿದ್ದಾರೆ. ತಯಾರಕರ ವಾದ ಊಹಿಸಬಹುದು: ಇಷ್ಟು ಪ್ರಸಿದ್ಧ ಚಿತ್ರದ ಕೊನೆ ಯಾರಿಗೆ ಗೊತ್ತಿಲ್ಲ? ಎಲ್ಲರಿಗೂ ಗೊತ್ತು ಎನ್ನುವಾಗ ಆ ‘ಎಲ್ಲರೂ’ ಎಂದರೆ ಈಗಾಗಲೇ ನೋಡಿದವರು ಮಾತ್ರ. ಇನ್ನೂ ಬಾರದವರನ್ನು ಲೆಕ್ಕಕ್ಕೆ ಹಿಡಿದಿಲ್ಲ.

ಹಾಗಾದರೆ ಒಳ್ಳೆಯ ಹೊದಿಕೆ ಯಾವುದು ಎಂದು ಕೇಳಿದರೆ ನಾನು ಸತ್ಯಜಿತ್ ರಾಯ್ ಅವರ ಕಡೆ ಕೈ ತೋರಿಸುತ್ತೇನೆ. ಅವರು ಸಿನಿಮಾಕ್ಕೆ ಬಂದದ್ದೇ ಹೊದಿಕೆಗಳ ಮೂಲಕ. 1943ರಲ್ಲಿ ಕಲ್ಕತ್ತಾದ ಡಿ. ಜೆ. ಕೀಮರ್ ಎಂಬ ಜಾಹೀರಾತು ಸಂಸ್ಥೆಗೆ ಸೇರಿದರು, ಜೊತೆಗೆ ಸಿಗ್ನೆಟ್ ಪ್ರೆಸ್ಸಿನ ಪುಸ್ತಕಗಳಿಗೆ ಮುಖಪುಟ ಮಾಡತೊಡಗಿದರು. ಜಿಮ್ ಕಾರ್ಬೆಟ್ಟರ ಕುಮಾಯೂನಿನ ನರಭಕ್ಷಕಗಳ ಬಂಗಾಳಿ ಅನುವಾದಕ್ಕೆ ಅವರು ಮಾಡಿದ ರಕ್ಷಾಪುಟ ಹುಲಿಯ ಚರ್ಮದ್ದು. ಮುಂದೆ ಗುಂಡು ಹೊಕ್ಕ ತೂತು, ಹಿಂದೆ ಅದೇ ಗುಂಡು ಹೊರಬಿದ್ದ ತೂತು, ಹಿಂದಿನದು ಮುಂದಿನದಕ್ಕಿಂತ ದೊಡ್ಡದು. ಬೇಟೆ ಬಲ್ಲವರು ಒಪ್ಪುವಂಥ ಲೆಕ್ಕ. ಹುಲಿಯಿಲ್ಲ, ಬೇಟೆಗಾರನಿಲ್ಲ, ಗರ್ಜನೆಯಿಲ್ಲ. ಪುಸ್ತಕವನ್ನು ಕೈಯಲ್ಲಿ ಹಿಡಿದವನು ಗುಂಡು ಹಾದುಹೋದ ದಾರಿಯನ್ನೇ ಹಿಡಿದಿರುತ್ತಾನೆ. ಅದೇ ಪ್ರೆಸ್ಸಿಗಾಗಿ ‘ಪಥೇರ್ ಪಾಂಚಾಲಿ’ಯ ಮಕ್ಕಳ ಸಂಕ್ಷಿಪ್ತ ಆವೃತ್ತಿಗೆ ಚಿತ್ರ ಬರೆಯುತ್ತಿದ್ದಾಗಲೇ ಅದನ್ನು ಸಿನಿಮಾ ಮಾಡುವ ಯೋಚನೆ ಮೊಳೆಯಿತು. ಹೊದಿಕೆಯ ಕೆಲಸ ಅವರಿಗೆ ಓದಿನ ಕೆಲಸವಾಗಿತ್ತು. ಒಂದು ಕೃತಿಯನ್ನು ಪೂರ್ತಿ ಓದಿ, ಅದರ ಬಗ್ಗೆ ಒಂದು ಅಭಿಪ್ರಾಯಕ್ಕೆ ಬಂದು, ಆ ಅಭಿಪ್ರಾಯವನ್ನು ಒಂದೇ ಆಕಾರದಲ್ಲಿ ಹೇಳುವುದು. ವಿಮರ್ಶಕನ ಕೆಲಸವೂ ಇದೇ. ವಿಮರ್ಶಕನಿಗೆ ಪುಟಗಟ್ಟಲೆ ಜಾಗ ಸಿಗುತ್ತದೆ, ಅಷ್ಟೆ.

ಹೊದಿಕೆ ಒಂದು ಓದು ಎಂದು ಒಪ್ಪಿದರೆ ಆ ಮೊದಲಿನ ತೊಡಕು ಸ್ವಲ್ಪ ಸಡಿಲವಾಗುತ್ತದೆ. ವಿಮರ್ಶೆಯನ್ನು ನಾವು ಎರಡು ಸಲ ಓದುತ್ತೇವೆ, ಪುಸ್ತಕಕ್ಕೆ ಮೊದಲು ಒಮ್ಮೆ, ಆಮೇಲೆ ಒಮ್ಮೆ. ಮೊದಲ ಸಲದ್ದು ಸಾಲ ಕೊಟ್ಟ ನಂಬಿಕೆ, ಎರಡನೆಯದು ಲೆಕ್ಕ ಚುಕ್ತಾ. ಬ್ರಿಟನ್ನಿನ ಆರೋ ವಿಡಿಯೊ ಸಂಸ್ಥೆ ತನ್ನ ಹಲವು ಡಿಸ್ಕುಗಳಿಗೆ ಎರಡೂ ಬದಿ ಮುದ್ರಿಸಿದ ಹೊದಿಕೆ ಹಾಕುತ್ತದೆ. ಒಂದು ಬದಿಗೆ ಇಂದಿನ ಕಲಾವಿದರೊಬ್ಬರಿಂದ ಬರೆಸಿದ ಹೊಸ ಚಿತ್ರ, ಮಗುಚಿದರೆ ಚಿತ್ರ ಬಿಡುಗಡೆಯಾದ ಕಾಲದ ಹಳೆಯ ಪೋಸ್ಟರು. ಯಾವ ಮುಖ ಹೊರಗಿರಬೇಕೆಂದು ಕೊಂಡವನು ತೀರ್ಮಾನಿಸುತ್ತಾನೆ. ನನಗೆ ಇದು ಬಹಳ ಸಭ್ಯವಾದ ಏರ್ಪಾಡಾಗಿ ಕಾಣುತ್ತದೆ. ನೋಡುವ ಮೊದಲು ಒಂದು ಬದಿ ಇಟ್ಟವನು ನೋಡಿದ ಮೇಲೆ ಮಗುಚಿಡಬಹುದು.

ಆದರೆ ಆ ಎರಡನೆಯ ಲೆಕ್ಕ ನಡೆಯಲು ಡಬ್ಬಿ ತೆರೆಯಬೇಕಲ್ಲ. ಇಂದಿನ ಸಂಗ್ರಹಕಾರರಲ್ಲಿ ಒಂದು ಗುಂಪು ಪ್ಲಾಸ್ಟಿಕ್ಕನ್ನೇ ಬಿಚ್ಚುವುದಿಲ್ಲ. ಅದೇ ಡಿಸ್ಕು, ಅದೇ ಚಿತ್ರ, ಮೇಲೊಂದು ರಟ್ಟಿನ ತೊಡಿಗೆ ಇದ್ದರೆ ಒಂದು ಬೆಲೆ, ಇಲ್ಲದಿದ್ದರೆ ಇನ್ನೊಂದು. ಮೊಹರು ಒಡೆಯದ ಹಳೆಯ ವಿಎಚ್‌ಎಸ್ ಕ್ಯಾಸೆಟ್ಟುಗಳಿಗೆ ದರ್ಜೆ ಕೊಟ್ಟು ಪಾರದರ್ಶಕ ಪೆಟ್ಟಿಗೆಯೊಳಗೆ ಶಾಶ್ವತವಾಗಿ ಕೂಡಿಹಾಕುವ ವ್ಯಾಪಾರವೇ ಇದೆ. 2022ರಲ್ಲಿ ‘ಬ್ಯಾಕ್ ಟು ದಿ ಫ್ಯೂಚರ್’ನ ಇಂಥದೊಂದು ಕ್ಯಾಸೆಟ್ಟು ಹರಾಜಿನಲ್ಲಿ 75,000 ಡಾಲರಿಗೆ ಹೋಯಿತು. ಯಾರೂ ನೋಡಿಲ್ಲ ಎಂಬುದೇ ಅದರ ಬೆಲೆ. ಇವರನ್ನು ಬೈಯುವುದು ಸುಲಭ. ಆದರೆ ಇವರಲ್ಲಿ ಅನೇಕರನ್ನು ಸಂಗ್ರಹಕ್ಕೆ ತಳ್ಳಿದ್ದು ನ್ಯಾಯವಾದ ಒಂದು ಭಯ: ತಂತಿಯ ಮೂಲಕ ಬರುವ ಚಿತ್ರ ಒಪ್ಪಂದ ಮುಗಿದ ದಿನ ಮಾಯವಾಗುತ್ತದೆ, ಕೈಯಲ್ಲಿರುವ ಡಬ್ಬಿ ಮಾಯವಾಗುವುದಿಲ್ಲ.

ಆ ತಂತಿಯ ಲೋಕದಲ್ಲಿ ಹೊದಿಕೆಗೆ ಏನಾಗಿದೆ ನೋಡಿ. ಒಂದೇ ಚಿತ್ರಕ್ಕೆ ನೋಡುಗರ ಅಭಿರುಚಿಗೆ ತಕ್ಕಂತೆ ಬೇರೆ ಬೇರೆ ಚಿತ್ರಪಟ ತೋರಿಸುವ ವಿಧಾನವನ್ನು ನೆಟ್‌ಫ್ಲಿಕ್ಸ್ 2017ರಲ್ಲಿ ತಾನಾಗಿಯೇ ವಿವರಿಸಿತು. ‘ಗುಡ್ ವಿಲ್ ಹಂಟಿಂಗ್’ ಪ್ರಣಯಪ್ರಿಯರಿಗೆ ಜೋಡಿಯ ಮುಖ ತೋರಿಸುತ್ತದೆ, ಹಾಸ್ಯಪ್ರಿಯರಿಗೆ ರಾಬಿನ್ ವಿಲಿಯಮ್ಸರ ಮುಖ. ಮರುವರ್ಷ ಅಮೆರಿಕದ ಕೆಲವು ಕಪ್ಪು ಪ್ರೇಕ್ಷಕರು, ‘ಲವ್ ಆಕ್ಚುಯಲಿ’ಯಂಥ ಬಿಳಿಯರೇ ತುಂಬಿದ ಚಿತ್ರದಲ್ಲಿ ಸಣ್ಣ ಪಾತ್ರದ ಕಪ್ಪು ನಟನನ್ನು ಮುಂದಿಟ್ಟು ತಮಗೆ ಮಾರುತ್ತಿದ್ದಾರೆಂದು ದೂರಿದರು. ಜನಾಂಗ ಕೇಳಿ ವಿಂಗಡಿಸುತ್ತಿಲ್ಲ, ನೋಡಿದ್ದರ ಇತಿಹಾಸ ಮಾತ್ರ ಬಳಸುತ್ತೇವೆ ಎಂದು ಕಂಪನಿ ಉತ್ತರಿಸಿತು. ಇರಬಹುದು. ನನ್ನ ತಕರಾರು ಬೇರೆ. ಡ್ರಿಲ್ ಇಳಿದ ಆ ಹಣೆ ಎಷ್ಟು ಕೆಟ್ಟದ್ದಾದರೂ ಎಲ್ಲರಿಗೂ ಒಂದೇ ಆಗಿತ್ತು. ಅದನ್ನು ಎತ್ತಿ ಹಿಡಿದು ಜಗಳವಾಡಬಹುದಿತ್ತು, ಜಗಳವಾಡಿದರು ಕೂಡ. ನನಗೆ ಒಂದು, ನಿಮಗೆ ಇನ್ನೊಂದು ಮುಖ ತೋರಿಸಿ ನಾಳೆ ಎರಡನ್ನೂ ಬದಲಿಸುವ ಹೊದಿಕೆಯ ಜೊತೆ ಯಾವ ಜಗಳ ಸಾಧ್ಯ? ಅದು ಮಾತು ಕೊಟ್ಟದ್ದಕ್ಕೆ ಸಾಕ್ಷಿಯೇ ಇರುವುದಿಲ್ಲ. ರಟ್ಟಿನ ಡಬ್ಬಿಯನ್ನು ಕುರಿತ ಸಂಗ್ರಹಕಾರರ ಜಗಳಗಂಟಿತನವನ್ನು ನಾನು ಗೌರವಿಸುವುದು ಈ ಕಾರಣಕ್ಕೆ.

ನಮ್ಮ ಕಡೆ ಈ ಪ್ರಶ್ನೆ ಬೇರೆ ದಾರಿಯಲ್ಲಿ ಬಂತು. 2007ರ ಹೊತ್ತಿಗೆ ಮೋಸರ್ ಬೇರ್ ಸಂಸ್ಥೆ 28 ರೂಪಾಯಿಗೆ ವಿಸಿಡಿ, 34 ರೂಪಾಯಿಗೆ ಡಿವಿಡಿ ಮಾರಲಾರಂಭಿಸಿದಾಗ ಸಿನಿಮಾ ಎನ್ನುವುದು ತರಕಾರಿಯ ಜೊತೆ ಕೊಳ್ಳುವ ವಸ್ತುವಾಯಿತು. ಆ ಕಾಲದಲ್ಲಿ ಬಂದ ಕನ್ನಡ ಡಿಸ್ಕುಗಳ ಹೊದಿಕೆಗಳಲ್ಲಿ, ಯಾವ ಕಂಪನಿಯದೇ ಇರಲಿ, ಹೀರೋನ ಎರಡು ಮೂರು ಮುಖಗಳು, ಮೂಲೆಯಲ್ಲಿ ನಾಯಕಿ, ಎಲ್ಲಕ್ಕೂ ಮೇಲೆ ಬೆಂಕಿಯ ಬಣ್ಣದ ಅಕ್ಷರ. ಚಿತ್ರ ಬಂದ ವರ್ಷವಾಗಲಿ ಛಾಯಾಗ್ರಾಹಕರ ಹೆಸರಾಗಲಿ ಹುಡುಕಿದರೂ ಸಿಗುತ್ತಿರಲಿಲ್ಲ. ಅಂದವಿಲ್ಲ ಎಂದು ಇವನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ದಿನಗೂಲಿಯವನ ಮನೆಗೂ ರಾಜ್‌ಕುಮಾರ್ ಹೋದದ್ದು ಈ ಕಾಗದದ ಲಕೋಟೆಯಲ್ಲೇ. ನನ್ನ ಕೊರಗು ವರ್ಷ ಮತ್ತು ಹೆಸರುಗಳದ್ದು. ಅವನ್ನು ಅಚ್ಚು ಹಾಕಲು ಹೆಚ್ಚಿನ ಶಾಯಿ ಬೇಕಿರಲಿಲ್ಲ.

ಈಗ ಕೊನೆಯದಾಗಿ ಒಂದು ಕಷ್ಟದ ಪ್ರಶ್ನೆ. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ಚಿತ್ರವನ್ನು ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಮಾರ್ಟಿನ್ ಸ್ಕಾರ್ಸೇಸಿಯವರ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಸೇರಿ ಪುನರುಜ್ಜೀವನಗೊಳಿಸಿ, 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದವು. ಇಂಥ ಚಿತ್ರಕ್ಕೆ ಜಗತ್ತಿನ ಸಂಗ್ರಹಕಾರರು ಮೆಚ್ಚುವಂಥ ಒಂದು ಡಬ್ಬಿ ಮಾಡಬೇಕಾದ ಕಲಾವಿದೆಯ ಜಾಗದಲ್ಲಿ ನಿಂತು ನೋಡೋಣ. ಕೈಗೆ ಮೊದಲು ಸಿಗುವ ಚಿತ್ರ ಯಾವುದೆಂದು ಚಿತ್ರ ನೋಡಿದವರಿಗೆಲ್ಲ ಗೊತ್ತು: ಬಹಿಷ್ಕೃತೆಯಾಗಿ, ತಲೆ ಬೋಳಿಸಿಕೊಂಡು ಮರದ ಕೆಳಗೆ ಕೂತ ಯಮುನಾ. ಅದರಷ್ಟು ಬಲವಾದ ಚಿತ್ರ ಇನ್ನೊಂದಿಲ್ಲ. ಮಾರಾಟವೂ ಆದೀತು, ಪ್ರಶಸ್ತಿಯೂ ಬಂದೀತು.

ಕೊನೆಯನ್ನು ಬಿಟ್ಟುಕೊಟ್ಟಂತಾಯಿತು ಎನ್ನುವುದು ಇಲ್ಲಿ ದೊಡ್ಡ ಆಕ್ಷೇಪವಲ್ಲ. ಕನ್ನಡಿಗರಿಗೆ ಹೆಸರೇ ಎಲ್ಲವನ್ನೂ ಹೇಳಿಬಿಟ್ಟಿದೆ. ಬದುಕಿರುವವಳ ಶ್ರಾದ್ಧ ಮಾಡಿ ಮಡಕೆ ಒಡೆಯುತ್ತಾರೆಂದು ತಿಳಿದೇ ನಾವು ಒಳಗೆ ಹೋಗುತ್ತೇವೆ. ಇಂಗ್ಲಿಷಿನಲ್ಲಿ ‘ದಿ ರಿಚುಯಲ್’ ಎಂದು ಓದಿದವನಿಗೆ ಮಾತ್ರ ಅದು ಗುಟ್ಟು. ಆಕ್ಷೇಪ ಇರುವುದು ಬೇರೆಡೆ. ಅಗ್ರಹಾರದವರು ಯಮುನಾಳಿಗೆ ಮಾಡಿದ್ದು ಅವಳನ್ನು ಎಲ್ಲರ ಕಣ್ಣಿಗೆ ಗುರುತಾಗಿ ನಿಲ್ಲಿಸುವ ಶಿಕ್ಷೆ. ಚಿತ್ರದೊಳಗೆ ಅವಳನ್ನು ಆ ಸ್ಥಿತಿಯಲ್ಲಿ ನಮಗೆ ಕಾಣಿಸುವುದು ನಾಣಿಯೆಂಬ ಪುಟ್ಟ ಹುಡುಗ, ಅವಳನ್ನು ಅಕ್ಕನೆಂದು ಪ್ರೀತಿಸಿದವನು. ಅಷ್ಟು ಹೊತ್ತು ಅವನ ಜೊತೆ ನಡೆದು ಬಂದಿದ್ದೇವೆ ಎಂಬುದರಿಂದಲೇ ಆ ನೋಟ ನೋಡಲು ನಮಗೆ ಏನಾದರೂ ಹಕ್ಕಿದ್ದರೆ ಇದೆ. ಡಬ್ಬಿಯ ಮೇಲೆ ಅದೇ ಮುಖವಿಟ್ಟರೆ ನಾಣಿ ಇರುವುದಿಲ್ಲ. ಅವಳ ಹೆಸರೂ ತಿಳಿಯದವನು ಅಂಗಡಿಯ ಸಾಲಿನಲ್ಲಿ ಅವಳನ್ನು ನೋಡಿ, ಅಚ್ಚು ಚೆನ್ನಾಗಿದೆ ಎಂದು ಹೇಳಿ, ಮುಂದಿನ ಡಬ್ಬಿಗೆ ಕೈ ಹಾಕುತ್ತಾನೆ.

ನಾನಾಗಿದ್ದರೆ ಹುಡುಗನನ್ನು ಇಡುತ್ತಿದ್ದೆ, ಬೆನ್ನು ಮಾಡಿ ಹೊರಟವನನ್ನು, ತಿರುಗಿ ನೋಡುವುದಕ್ಕೆ ಒಂದು ಕ್ಷಣ ಮೊದಲು. ಆ ಡಬ್ಬಿಗೆ ಅಂಕ ಕಡಿಮೆ ಬಿದ್ದೀತು. ಡಿಸ್ಕು ಮುಗಿದ ಮೇಲೆ ಅದನ್ನು ಮತ್ತೆ ಒಳಗಿಟ್ಟು ಮುಚ್ಚುವವನಿಗೆ ಮಾತ್ರ, ಹುಡುಗ ಯಾರ ಕಡೆ ತಿರುಗಲಿದ್ದಾನೆಂದು ಗೊತ್ತಿರುತ್ತದೆ.