ಚಿನ್ನದ ಕ್ರಯವನ್ನು ತೆರುವವರಾರು?

ಚಿನ್ನವನ್ನು ಕೊಳ್ಳುವಾಗ ನಾವು ಅದರ ತೂಕವನ್ನೂ ಬಣ್ಣವನ್ನೂ ಪರೀಕ್ಷಿಸುತ್ತೇವೆ. ಅದು ಕಲ್ಲಿನಿಂದ ಹೇಗೆ ಬೇರ್ಪಟ್ಟಿತೆಂದು ಕೇಳುವುದಿಲ್ಲ.

ಅನೇಕ ದೇಶಗಳಲ್ಲಿ ಬಡ ಗಣಿಗಾರರು ಪುಡಿಮಾಡಿದ ಅದುರಿಗೆ ಪಾದರಸವನ್ನು ಬೆರಸುವರು. ಅದು ಚಿನ್ನದ ಕಣಗಳನ್ನು ಹಿಡಿದು ಮುದ್ದೆಯಾಗುತ್ತದೆ. ಆ ಮುದ್ದೆಯನ್ನು ಕಾಯಿಸಲು ಪಾದರಸವು ಆವಿಯಾಗಿ ಹೋಗಿ ಚಿನ್ನವು ಉಳಿಯುತ್ತದೆ. ಮನೆಯ ಒಲೆಯಲ್ಲಿಯೇ ಕಾಯಿಸುವುದೂ ಉಂಟು. ಕಣ್ಣಿಗೆ ಕಾಣದ ಆ ಆವಿಯು ಉಸಿರಿನೊಡನೆ ಒಳಹೊಕ್ಕು ನರಗಳನ್ನೂ ಮೂತ್ರಪಿಂಡಗಳನ್ನೂ ಕೆಡಿಸುತ್ತದೆ. ಹೊಳೆಗೆ ಸೇರಿದ ಪಾದರಸವು ಮೀನಿನ ಮೂಲಕ ತಾಯಿಗೂ, ತಾಯಿಯಿಂದ ಗರ್ಭದ ಶಿಶುವಿಗೂ ಮುಟ್ಟುತ್ತದೆ.

"ಹೊಟ್ಟೆಪಾಡಿಗಾಗಿ ದುಡಿಯುವವನನ್ನು ದೂಷಿಸಬಹುದೋ?" ಎಂದು ಕೆಲವರು ಕೇಳಾರು. ಕೇಳತಕ್ಕ ಮಾತೇ ಸರಿ. ತನ್ನ ದೇಹವನ್ನು ಅಪಾಯಕ್ಕೊಡ್ಡಲು ಒಬ್ಬನು ಒಪ್ಪಬಹುದು. ಆದರೆ ಒಲೆಯ ಬಳಿ ಆಡುವ ಕೂಸು ಯಾವಾಗ ಒಪ್ಪಿತು? ಹೊಳೆಯ ಕೆಳಗಣ ಊರಿನವರು ಯಾವಾಗ ಒಪ್ಪಿದರು?

ಬೇರೆ ದಾರಿಯೇ ಇಲ್ಲವೆನ್ನುವಂತಿಲ್ಲ. ಫಿಲಿಪೈನ್ಸ್ ದೇಶದ ಬೆಂಗೆಟ್ ಸೀಮೆಯ ಗಣಿಗಾರರು ಅದುರಿನ ಪುಡಿಯನ್ನು ನೀರಿನಲ್ಲಿ ಜಾಲಿಸಿ, ಉಳಿದ ಭಾರವಾದ ಪುಡಿಗೆ ಬಿಳಿಗಾರವನ್ನು ಸೇರಿಸಿ ಕರಗಿಸುತ್ತಾರೆ, ಚಿನ್ನವು ತಳಕ್ಕಿಳಿಯುತ್ತದೆ. ನಮ್ಮ ಅಕ್ಕಸಾಲಿಗರು ಬೆಸುಗೆಗೆ ಬಳಸುವ ಬಿಳಿಗಾರವೇ ಅದು. ಈ ಕ್ರಮವು ಎಲ್ಲಾ ಅದುರಿಗೂ ಒಗ್ಗದು. ಒಗ್ಗದಲ್ಲಿ ಪಾದರಸದ ಮುದ್ದೆಯನ್ನು ಮುಚ್ಚಿದ ಪಾತ್ರೆಯಲ್ಲಿ ಕಾಯಿಸಿ, ಆವಿಯನ್ನು ತಣಿಸಿ ಹಿಡಿದರೆ ಅಪಾಯವು ಬಹಳ ತಗ್ಗುವುದು.

ಪಾದರಸದ ಈ ಬಳಕೆಯನ್ನು ಕುಗ್ಗಿಸಬೇಕೆಂದು 2013ರ ಮಿನಮಾತಾ ಒಡಂಬಡಿಕೆಯು ರಾಜ್ಯಗಳಿಗೆ ವಿಧಿಸಿದೆ. ಆದರೂ ಒಡಂಬಡಿಕೆಯು ತಾನಾಗಿ ಬಡವನ ಕೈಗೆ ಪಾತ್ರೆಯನ್ನು ಕೊಡಲಾರದು. ಅರಿಯದೆ ಮಾಡಿದವನ ತಪ್ಪಿಗೂ ಅರಿತು ಸುಮ್ಮನಿದ್ದವನ ತಪ್ಪಿಗೂ ತೂಕ ಬೇರೆ. ಅವನ ಚಿನ್ನವನ್ನು ಅಗ್ಗಕ್ಕೆ ಕೊಳ್ಳುವ ವ್ಯಾಪಾರಿಯೂ, ಏನನ್ನೂ ಕೇಳದೆ ತೊಡುವ ನಾವೂ ಆ ಹೊರೆಯಲ್ಲಿ ಪಾಲುಗಾರರು. ನಾವು ತೊಡುವುದರ ಕ್ರಯವನ್ನು ಪರರ ಮಗುವು ತೆರಬಾರದು.