ಅನ್ನ ಮಾರುವುದು ಪಾಪವೇ?

ಯಾದಗಿರಿ, ಶಹಾಪುರ, ಸುರಪುರದಂಥ ಊರುಗಳಲ್ಲಿ ಮನೆಯ ಒಲೆಯ ಮೇಲೆಯೇ ಖಡಕ್ ರೊಟ್ಟಿ ಸುಟ್ಟು, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಕುಟ್ಟಿ ಮಾರುವುದು ಹೆಣ್ಣುಮಕ್ಕಳಿಗೆ ಒಂದು ಗಟ್ಟಿ ಆಸರೆಯಾಗಬಲ್ಲದು. ಮಳೆ ಕೈಕೊಟ್ಟ ವರ್ಷ ಬೆಂಗಳೂರು, ಪುಣೆಗೆ ಗುಳೆ ಹೋಗುವ ಈ ಸೀಮೆಯಲ್ಲಿ ಊರು ಬಿಡದೆ ನಾಲ್ಕು ಕಾಸು ಕಾಣುವ ದಾರಿಗಳು ಹೆಚ್ಚಿಲ್ಲ. ಆದರೆ ಈ ದಾರಿ ಹಿಡಿಯಹೊರಟವಳ ಎದುರು ಬಂಡವಾಳಕ್ಕಿಂತ ಮೊದಲು ಒಂದು ಮಾತು ಬಂದು ನಿಲ್ಲುತ್ತದೆ: ಅನ್ನ ದಾನ ಮಾಡುವಂಥದ್ದು, ಮಾರುವಂಥದ್ದಲ್ಲ. ಮಜ್ಜಿಗೆಗೆ ದುಡ್ಡು ಕೇಳಲು ಹಿಂಜರಿಯುವ ಮನೆಗಳು ಹಳ್ಳಿಗಳಲ್ಲಿ ಇಂದಿಗೂ ಇವೆ. ಬಂಡವಾಳಕ್ಕೆ ಸಂಘದ ಸಾಲ ಸಿಕ್ಕೀತು. ಈ ಮಾತಿಗೆ ಮಾತ್ರ ಧರ್ಮವಿಚಾರದಿಂದಲೇ ಉತ್ತರ ಹುಡುಕಬೇಕು. ನನ್ನ ನಿಲುವು ಇಷ್ಟು: ಬೆವರು ಸುರಿಸಿ ಮಾಡಿದ ಅನ್ನಕ್ಕೆ ನ್ಯಾಯದ ಬೆಲೆ ಪಡೆಯುವುದರಲ್ಲಿ ಪಾಪವಿಲ್ಲ. ಆ ದುಡಿಮೆಯನ್ನು ಬಿಟ್ಟಿಯಾಗಿ ಉಣ್ಣುವುದೇ ಧರ್ಮಕ್ಕೆ ದೂರ.

ಆ ಹಳೆಯ ಹಿಂಜರಿಕೆಯನ್ನು ಮೂಢತನವೆಂದು ತಳ್ಳಿಹಾಕುವಂತಿಲ್ಲ. ಅನ್ನ ಜೀವವನ್ನೇ ಹಿಡಿದಿಟ್ಟಿರುವ ವಸ್ತು. ಬರಗಾಲದಲ್ಲಿ ಕಣಜವುಳ್ಳವನು ಹಸಿದವನ ಮೇಲೆ ದೊರೆಯಾಗಿಬಿಡುತ್ತಾನೆ. ಹಸಿವನ್ನು ಹಿಡಿದು ಚೌಕಾಸಿ ಮಾಡಬಾರದು ಎಂಬುದು ಆ ನಂಬಿಕೆಯ ತಿರುಳು, ಅದು ಇಂದಿಗೂ ಸತ್ಯ. ಅನ್ನವನ್ನು ನಿಂದಿಸಬಾರದು, ಹೆಚ್ಚಿಸಬೇಕು, ಮನೆಗೆ ಬಂದವರನ್ನು ಹಿಂದಕ್ಕೆ ಕಳಿಸಬಾರದು ಎಂದು ತೈತ್ತಿರೀಯ ಉಪನಿಷತ್ತು ವ್ರತದಂತೆ ವಿಧಿಸುತ್ತದೆ. ಮಾರಾಟವನ್ನೇ ನಿಷೇಧಿಸುವ ವಚನ ಬೇಕೆಂದರೆ ಮನುಸ್ಮೃತಿಯ 10ನೇ ಅಧ್ಯಾಯಕ್ಕೆ ಹೋಗಬೇಕು. ಅಲ್ಲಿ ಬೇಯಿಸಿದ ಅನ್ನ, ಎಳ್ಳು, ಉಪ್ಪು, ದನಕರುಗಳೆಲ್ಲ ಒಂದೇ ಪಟ್ಟಿಯಲ್ಲಿವೆ. ಆದರೆ ಅದು ಆಪತ್ತಿನಲ್ಲಿ ವೈಶ್ಯವೃತ್ತಿ ಹಿಡಿದ ಮೇಲ್ವರ್ಣದವರಿಗೆ ಹಾಕಿದ ಕಟ್ಟು. ದುಡಿದೇ ಉಣ್ಣಬೇಕಾದ ಮನೆಗಳಿಗೆ ಹೇಳಿದ್ದಲ್ಲ. ವರ್ಣದ ಮರ್ಯಾದೆ ಕಾಯುವ ನಿಯಮವನ್ನು ತಂದು ಬಡವಿಯ ಕೊರಳಿಗೆ ಕಟ್ಟುವುದು ಯಾವ ನ್ಯಾಯ?

ಈ ಮಣ್ಣಿನಲ್ಲಿ ಬೆಳೆದ ವಿಚಾರವೇ ಬೇರೆ. ಸುರಪುರ ಸೀಮೆಯ ಮುದನೂರಿನ ವಚನಕಾರ ದಾಸಿಮಯ್ಯ ನೇಕಾರ. ಬಟ್ಟೆ ನೇಯ್ದು ಸಂತೆಗೆ ಒಯ್ದು ಮಾರಿ ಬಂದದ್ದರಲ್ಲೇ ಅವನು, ಅವನ ಹೆಂಡತಿ ದುಗ್ಗಳೆ ಜಂಗಮರಿಗೆ ಉಣಬಡಿಸಿದರೆಂದು ಪರಂಪರೆ ಹೇಳುತ್ತದೆ. 12ನೇ ಶತಮಾನದ ಶರಣೆ ಕೊಟ್ಟಣದ ಸೋಮಮ್ಮನ ಹೆಸರಿನಲ್ಲೇ ಅವಳ ಕಾಯಕವಿದೆ: ಭತ್ತ ಕುಟ್ಟುವುದು. ಹೆಣ್ಣಿನ ಅಡುಗೆಮನೆಯ ಕೆಲಸಕ್ಕೆ ಹತ್ತಿರದ ಈ ದುಡಿಮೆಯನ್ನು ಶರಣರು ಕಾಯಕವೆಂದೇ ಎಣಿಸಿದರು. ಕಾಯಕವಿಲ್ಲದೆ ದಾಸೋಹವಿಲ್ಲ ಎಂಬ ಅವರ ತತ್ವವನ್ನು ಕೊನೆಯ ತನಕ ಎಳೆದು ನೋಡಬೇಕು. ಕೊಡಬೇಕಾದರೆ ಮೊದಲು ತನ್ನದೆನ್ನುವುದು ಇರಬೇಕು. ಜಾತ್ರೆಯ ದಾಸೋಹಕ್ಕೆ ರಾಶಿ ರಾಶಿ ರೊಟ್ಟಿ ಬಡಿಯುವವಳು ಹೆಣ್ಣು. ದಾನಿಯೆಂದು ಹೆಸರು ಹೇಳಿಸಿಕೊಳ್ಳುವವನು ಗಂಡು. ಗಳಿಕೆಯೇ ಇಲ್ಲದವಳನ್ನು ಅನ್ನಪೂರ್ಣೆ ಎಂದು ಹೊಗಳಿದರೆ ಅವಳು ದಾಸೋಹಿಯಾಗುವುದಿಲ್ಲ. ತಾನು ಗಳಿಸಿದ್ದರಲ್ಲಿ ಒಂದು ತುತ್ತನ್ನು ತನ್ನ ಇಚ್ಛೆಯಿಂದ ಕೊಟ್ಟ ದಿನ ಆಗುತ್ತಾಳೆ.

ಬೆಲೆ ಕಟ್ಟಿದರೆ ಅಡುಗೆಯಲ್ಲಿನ ಪ್ರೀತಿ ಹೋಗುತ್ತದೆ, ನಾಳೆ ಅತಿಥಿಗೂ ಲೆಕ್ಕ ಬರೆಯುತ್ತಾರೆ ಎಂಬ ಆಕ್ಷೇಪವಿದೆ. ಒಂದು ಖಡಕ್ ರೊಟ್ಟಿಯ ಹಿಂದಿನ ಕೆಲಸವನ್ನು ಗಮನಿಸೋಣ. ಎಸರು ಕುದಿಸಿ ಜೋಳದ ಹಿಟ್ಟು ಕಲಸಬೇಕು, ಬಿಸಿ ಆರುವ ಮೊದಲೇ ಅಂಗೈಯಿಂದ ನಾದಬೇಕು, ತೆಳ್ಳಗೆ ಬಡಿದು ಹಂಚಿಗೆ ಹಾಕಿ ಮೇಲೆ ನೀರು ಸವರಬೇಕು, ತಿರುವಿ ಸುಟ್ಟು ಒಲೆಯ ಬದಿಗೆ ಆನಿಸಿ ಗರಿಗರಿಯಾಗುವ ತನಕ ಕಾಯಬೇಕು. ಗೋಧಿಯ ಜಿಗುಟು ಜೋಳಕ್ಕಿಲ್ಲ. ಕೈ ತುಸು ತಪ್ಪಿದರೂ ಅಂಚು ಹರಿಯುತ್ತದೆ. ಗಿರಾಕಿ ಕೊಡುವ ದುಡ್ಡು ಈ ಕೈಕೆಲಸಕ್ಕೆ, ಈ ಹೊತ್ತಿಗೆ, ಈ ಬೆಂಕಿಯ ಕಾವಿಗೆ. ಪ್ರೀತಿಯ ಬೆಲೆ ಅದರಲ್ಲಿ ಸೇರಿಲ್ಲ. ಬಟ್ಟೆ ಮಾರಿದ ದಾಸಿಮಯ್ಯನೇ ಮಾರಲು ಒಯ್ದ ಬಟ್ಟೆಯನ್ನು ಬೇಡಿದ ಜಂಗಮನಿಗೆ ಕೊಟ್ಟುಬಿಟ್ಟನೆಂಬ ಕಥೆಯೂ ಉಂಟು. ಮಾರುವ ಕೈಗೆ ಕೊಡುವುದು ಮರೆಯುತ್ತದೆ ಎಂಬುದಕ್ಕೆ ಆ ಕಥೆಯೇ ಉತ್ತರ.

ಇದಕ್ಕಿಂತ ಕಠಿಣವಾದ ತೊಡಕು ಜಾತಿಯದು. ಮನೆ ಅಡುಗೆ ಎಂದೊಡನೆ ಯಾರ ಮನೆ ಎಂಬ ಪ್ರಶ್ನೆ ಏಳುತ್ತದೆ. ದಲಿತ ಮಹಿಳೆ ಮಾಡಿದ ಬಿಸಿಯೂಟವನ್ನು ಮಕ್ಕಳಿಗೆ ಬೇಡವೆಂದ ಘಟನೆಗಳನ್ನು ಕರ್ನಾಟಕ ಕಂಡಿದೆ. ಸುರಪುರದ ಸೀಮೆಗೇ ಸೇರಿದ ಕೆಂಭಾವಿಯ ಶರಣ ಭೋಗಣ್ಣನ ಕಥೆ ಇಲ್ಲಿ ಮುಖ್ಯ. ಕವಿ ಹರಿಹರ ಅವನ ಮೇಲೆ ರಗಳೆ ಬರೆದ. ಅಸ್ಪೃಶ್ಯನ ರೂಪದಲ್ಲಿ ಬಂದ ಶಿವನನ್ನು ಮನೆಯೊಳಗೆ ಕರೆದು ಉಣಿಸಿದ್ದಕ್ಕೆ ಭೋಗಣ್ಣನನ್ನು ಊರಾಚೆ ಅಟ್ಟಿದರು. ಊರಿನ ಲಿಂಗಗಳೆಲ್ಲ ಅವನ ಹಿಂದೆ ಹೊರಟವು. ಕೈ ತೊಳೆದಿದೆಯೇ, ಹಿಟ್ಟು ಹಸನಾಗಿದೆಯೇ ಎಂದು ಕೇಳುವುದು ಉಣ್ಣುವವನ ಹಕ್ಕು. ಜಾತಿ ಕೇಳಿ ರೊಟ್ಟಿ ಕೊಳ್ಳುವವನು ಭೋಗಣ್ಣನನ್ನು ಅಟ್ಟಿದವರ ಸಾಲಿನಲ್ಲೇ ನಿಲ್ಲುತ್ತಾನೆ.

ಹಾಗೆಂದು ಮಾರುವವಳಿಗೆ ಕಟ್ಟುಪಾಡಿಲ್ಲವೆಂದಲ್ಲ. ಕೃಷ್ಣೆಯ ಆಚೆ, ಲಿಂಗಸೂಗೂರು ಸೀಮೆಯ ಶರಣೆ ಆಯ್ದಕ್ಕಿ ಲಕ್ಕಮ್ಮ ಗಂಡ ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ಹಿಂದಕ್ಕೆ ಸುರಿದು ಬರಲು ಹೇಳಿದಳು. ಅಂಥದೇ ಅತಿಯಾಸೆಯಿಂದ ಬರುವ ಹಳಸಿದ ಎಣ್ಣೆ, ತೂಕದಲ್ಲಿ ಮೋಸ ಈ ಕಾಯಕವನ್ನು ಕೆಡಿಸುತ್ತವೆ. 2006ರ ಆಹಾರ ಸುರಕ್ಷತಾ ಕಾಯ್ದೆಯಡಿ ಮನೆಯಲ್ಲೇ ಮಾಡಿ ಮಾರುವವರೂ ನೋಂದಣಿ ಮಾಡಿಸಬೇಕು. ಉಣ್ಣುವವನ ಜೀವಕ್ಕೆ ಹೊಣೆಯಾಗುವುದೂ ಧರ್ಮವೇ. ಮನೆಯವರಿಗೂ ಹೊಣೆಯಿದೆ: ಅವಳ ಗಳಿಕೆ ಬೇಕು, ಮನೆಗೆಲಸವೂ ಪೂರ್ತಿ ಅವಳದೇ ಎಂದರೆ ಬಿಟ್ಟಿ ದುಡಿಮೆ ಇಮ್ಮಡಿಯಾಗುತ್ತದೆ. ಕಾಯಕಭೂಮಿ ಎಂದು ಹೆಮ್ಮೆ ಪಡುವ ಈ ನಾಡು ರೊಟ್ಟಿ ಮಾರುವವಳನ್ನು ಕಾಯಕಜೀವಿಯೆಂದು ಒಪ್ಪಬೇಕು, ಹೇಳಿದ ಬೆಲೆಯನ್ನು ಚೌಕಾಸಿಯಿಲ್ಲದೆ ಕೊಡಬೇಕು. ಬಂದ ದುಡ್ಡಿನಲ್ಲಿ ದಾಸೋಹಕ್ಕೆ ಎಷ್ಟೆಂದು ತೀರ್ಮಾನಿಸುವ ಹಕ್ಕು ಅವಳದೇ ಆಗಿರಬೇಕು.